ಹಳದಿ ಬಾನಿಯ ಮಾದರಿ ಮಾತು

ಒಂದು ನದಿಯ ದಡದಲ್ಲಿ ಒಂದು ಪಟ್ಟಣವಿತ್ತು. ಹೆಸರು ಹೇಳಿದರೆ ಆ ಊರಿನವರು ಬಂದು ಜಗಳ ತೆಗೆಯುತ್ತಾರೆ, ಆದ್ದರಿಂದ ಹೇಳುವುದಿಲ್ಲ. ಅಲ್ಲಿಯ ರಾಜ ಕೆಟ್ಟವನಲ್ಲ. ಏನೇ ಮಾಡುವ ಮೊದಲೂ ಜನ ಏನನ್ನುತ್ತಾರೆ ಅಂತ ತಿಳಿದುಕೊಳ್ಳುವ ಆಸೆ ಅವನಿಗಿತ್ತು. ಆದರೆ ಜನ ಎದುರಿಗೆ ನಿಂತು ಮಾತಾಡತೊಡಗಿದರೆ ಅವನಿಗೆ ತಲೆನೋವು ಬರುತ್ತಿತ್ತು. ತಿಳಿಯಲೂ ಬೇಕು, ಕೇಳಿಸಿಕೊಳ್ಳಲೂ ಆಗದು. ಇಂಥ ದೊರೆಯನ್ನು ಇಟ್ಟುಕೊಂಡು ಏನು ಮಾಡುವುದು ಹೇಳಿ.

ಅದಕ್ಕೇ ಅರಮನೆಯಲ್ಲಿ ಕಿವಿಗಳಿದ್ದರು. ಕಿವಿ ಅನ್ನುವುದು ಅಲ್ಲಿ ಒಂದು ಉದ್ಯೋಗ. ಕಿವಿಯಾದವನು ಮನೆಮನೆಗೆ ಹೋಗಿ ಅರಮನೆಯ ಪ್ರಶ್ನೆಯನ್ನು ಒಮ್ಮೆ ಕೇಳಿ ಬಾಯಿ ಮುಚ್ಚಿಕೊಳ್ಳಬೇಕು. ಬಂದ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಹಿಂತಿರುಗಬೇಕು. ಮರುಪ್ರಶ್ನೆ ಹಾಕುವಂತಿಲ್ಲ, ಅದು ಬಾಯಿಯ ಕೆಲಸವಾಯಿತು ಅಂತ ಕಟ್ಟಳೆ.

ಉತ್ತರಗಳೆಲ್ಲ ಬಂದು ಸೇರುತ್ತಿದ್ದದ್ದು ಬಣ್ಣದ ಮನೆಗೆ. ಅಲ್ಲಿ ಬಣ್ಣದ ನೀರು ತುಂಬಿದ ಆಳೆತ್ತರದ ಬಾನಿಗಳಿದ್ದವು. ಒಪ್ಪಿಗೆಯ ಮಾತಿಗೆ ಹಳದಿ ಬಾನಿ, ಅಂಜಿಕೆಯ ಮಾತಿಗೆ ನೀಲಿ ಬಾನಿ, ಸಿಟ್ಟಿನ ಮಾತಿಗೆ ಕೆಂಪು ಬಾನಿ. ಒಬ್ಬೊಬ್ಬರ ಮಾತಿಗೂ ಒಂದೊಂದು ನೂಲಿನ ಎಳೆ. ಮಾತನ್ನು ಗಟ್ಟಿಯಾಗಿ ಹೇಳಿ, ಅದು ಯಾವ ಬಾನಿಯದ್ದೆಂದು ತೀರ್ಮಾನಿಸಿ, ಎಳೆಯನ್ನು ಅದ್ದಿ ಒಣಗಿಸುತ್ತಿದ್ದರು. ಆಮೇಲೆ ಎಲ್ಲ ಎಳೆಗಳನ್ನೂ ಸೇರಿಸಿ ನೇಯ್ದು ರಾಜನ ಮುಂದೆ ಹಾಸುತ್ತಿದ್ದರು. ಬಟ್ಟೆ ಹಳದಿಯಾಗಿ ಕಂಡರೆ ಕೆಲಸ ಶುರು. ಕೆಂಪಗೆ ಕಂಡರೆ ಕೆಲಸ ಬಂದ್. ನೀಲಿಯಾಗಿ ಕಂಡರೆ ಡಂಗುರದವನನ್ನು ಕಳಿಸಿ ಜನಕ್ಕೆ ಧೈರ್ಯ ಹೇಳಿಸುತ್ತಿದ್ದರು. ರಾಜನಿಗೆ ತಲೆನೋವು ಇರಲಿಲ್ಲ.

ಬಣ್ಣ ತೀರ್ಮಾನಿಸುತ್ತಿದ್ದವನು ಹಿರಿಗಿವಿ. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಬಾಗಿಲು ಹಾಕಿಕೊಂಡೇ ಅದ್ದುತ್ತಿದ್ದ. ಇದಕ್ಕೆ ಯಾಕೆ ಕೆಂಪು, ಅದಕ್ಕೆ ಯಾಕೆ ನೀಲಿ ಅಂತ ಯಾರಾದರೂ ಕೇಳಿದರೆ, "ಕೇಳ್ತಾ ಕೇಳ್ತಾ ಗೊತ್ತಾಗ್ತದೆ, ಹೇಳಿಕೊಡೋಕೆ ಬರಲ್ಲ" ಅನ್ನುತ್ತಿದ್ದ. ಬಹಳ ಸಲ ಅವನು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಹೊಟ್ಟೆ ಕೆಟ್ಟ ದಿನ ಮಾತ್ರ ಊರೆಲ್ಲ ನೀಲಿಯಾಗುತ್ತಿತ್ತು. ಅವನ ಭಾವಮೈದ ಏನೇ ಅಂದರೂ ಕೆಂಪಾಗುತ್ತಿತ್ತು, ಅವರಿಬ್ಬರಿಗೂ ಜಮೀನಿನ ತಕರಾರು.

ಹೀಗಿರುವಾಗ ಸಂತೆಮಾಳವನ್ನು ಊರಾಚೆಗೆ ಸಾಗಿಸುವ ಪ್ರಸ್ತಾಪ ಬಂತು. ಕಿವಿಗಳು ಹೋಗಿ ಕೇಳಿ ಬಂದರು, ಬಟ್ಟೆ ಹಳದಿಯಾಗಿ ಬಂತು, ಸಂತೆ ಊರಾಚೆಗೆ ಹೋಯಿತು. ಹೊಸ ಮಾಳದಲ್ಲಿ ಕುಡಿಯುವುದಕ್ಕೆ ನೀರಿಲ್ಲ, ನಿಲ್ಲುವುದಕ್ಕೆ ನೆರಳಿಲ್ಲ. ನಾನು ಒಪ್ಪಿರಲಿಲ್ಲ ಅಂತ ಬಳೆ ಮಾರುವವನು ಹೇಳಿದ. ನಾನೂ ಒಪ್ಪಿರಲಿಲ್ಲ ಅಂತ ಉಪ್ಪು ಮಾರುವವಳು ಹೇಳಿದಳು. ಯಾರನ್ನು ಕೇಳಿದರೂ ನಾನಲ್ಲ ಅನ್ನುವವರೇ. ಹಾಗಾದರೆ ಅಷ್ಟು ಹಳದಿ ಬಂದದ್ದು ಎಲ್ಲಿಂದ? ಗಂಡ ಹೆಂಡತಿಯನ್ನು ಅನುಮಾನದಿಂದ ನೋಡತೊಡಗಿದ, ಅತ್ತೆ ಸೊಸೆಯನ್ನು ನೋಡತೊಡಗಿದಳು. ತಾವೇ ಒಪ್ಪಿ ಮರೆತೆವೋ ಏನೋ ಅಂತ ಕೆಲವರಿಗೆ ತಮ್ಮ ಮೇಲೇ ಸಂಶಯ ಬಂತು. ಊರು ತಲೆಕೆಟ್ಟು ಕೂತಿತು.

ಕಿವಿಗಳಲ್ಲಿ ಎಲ್ಲರಿಗಿಂತ ಕಿರಿಯವನೊಬ್ಬನಿದ್ದ. ಅವನನ್ನು ಕಿರುಗಿವಿ ಅನ್ನುತ್ತಿದ್ದರು. ಒಳ್ಳೆಯ ಹುಡುಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆ ಮುಗಿಯುವ ಹೊತ್ತಿಗೆ ನೀವು ಅವನನ್ನು ಬಯ್ಯುತ್ತೀರಿ. ಅವನು ರಾಜನ ಮುಂದೆ ಹೋಗಿ ಕೈಮುಗಿದು ನಿಂತ.

"ಸ್ವಾಮಿ, ಬಣ್ಣದ ಮನೆ ಬಾಗಿಲು ತೆಗೀಬೇಕು. ಬಾನಿಗಳನ್ನ ಚೌಕಕ್ಕೆ ತಂದಿಡೋಣ. ಯಾವ ಗುರುತು ಕಂಡರೆ ಯಾವ ಬಣ್ಣ ಅನ್ನೋದು ಎಲ್ಲರಿಗೂ ಗೊತ್ತಾಗಲಿ. ಒಂದೊಂದು ಬಾನಿಗೂ ಒಂದು ಮಾದರಿ ಮಾತು ಇಟ್ಟು, ಅದನ್ನ ಡಂಗುರದವನ ಬಾಯಲ್ಲಿ ದಿನಾ ಹೇಳಿಸೋಣ. ಒಬ್ಬನೇ ಅದ್ದೋದು ಬೇಡ. ಇಬ್ಬರು ಕಿವಿಗಳು ಬೇರೆ ಬೇರೆ ಹೇಳಿ, ಇಬ್ಬರದ್ದೂ ತಾಳೆಯಾದರೆ ಮಾತ್ರ ಅದ್ದೋಣ. ಯಾರಿಗಾದರೂ ನನ್ನ ಎಳೆ ತಪ್ಪು ಅನ್ನಿಸಿದರೆ ಚೌಕಕ್ಕೆ ಬಂದು ಮಾದರಿಗೆ ಹೋಲಿಸಿ ನೋಡಲಿ."

"ಹೇಳಿಕೊಡೋಕೆ ಬರಲ್ಲ ಅಂತ ಹಿರಿಗಿವಿ ಹೇಳ್ತಾನಲ್ಲ?" ಅಂದ ರಾಜ.

"ಹೇಳಿಕೊಡೋಕೆ ಬಾರದ್ದನ್ನ ನಂಬೋದು ಹೇಗೆ ಸ್ವಾಮಿ?"

ರಾಜನಿಗೆ ಹೊಸದೆಂದರೆ ಇಷ್ಟ, ಒಪ್ಪಿದ.

ಹೊಸ ಪದ್ಧತಿಯಲ್ಲಿ ಮೊದಲು ಕೇಳಿದ ಪ್ರಶ್ನೆ ದೋಣಿಯದ್ದು. ಊರಿನ ಕೆಳಗಿನ ಕಟ್ಟೆಯಿಂದ ಆಚೆ ದಡಕ್ಕೆ ಒಂದು ದೋಣಿ ಹೋಗಿಬಂದು ಮಾಡುತ್ತಿತ್ತು. ಅರಮನೆಯ ಆನೆಗಳಿಗೆ ಸ್ನಾನ ಮಾಡಿಸಲು ಆ ಕಟ್ಟೆಯೇ ಬೇಕಾಗಿತ್ತು, ದೋಣಿ ಕಂಡರೆ ಆನೆಗಳು ಬೆದರುತ್ತಿದ್ದವು. ಅದಕ್ಕೆ ದೋಣಿಯನ್ನೇ ನಿಲ್ಲಿಸಿಬಿಟ್ಟರೆ ಹೇಗೆ ಅಂತ ರಾಜನ ಯೋಚನೆ. ಜನ ಏನನ್ನುತ್ತಾರೆ ಕೇಳಿಕೊಂಡು ಬನ್ನಿ ಅಂದ.

ಆ ಕಟ್ಟೆಯ ಪಕ್ಕದಲ್ಲಿ ಚಿಕ್ಕತಾಯಮ್ಮ ಅನ್ನುವ ಹೆಂಗಸು ಚಪ್ಪರ ಹಾಕಿಕೊಂಡು ಮಜ್ಜಿಗೆ ಮಾರುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ಹೆಸರು ಸಣ್ಣಮ್ಮಿ. ಆಚೆ ದಡದ ಬಿದಿರು ಕಡಿಯುವವನಿಗೆ ಕೊಟ್ಟು ಮದುವೆ ಮಾಡಿದ್ದಳು. ಸಣ್ಣಮ್ಮಿಗೆ ಈಗ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲು. ಗಂಡ ಕಾಡಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಆ ಮನೆಯಲ್ಲಿ ಇನ್ನೊಂದು ಹೆಣ್ಣು ದಿಕ್ಕಿಲ್ಲ. ಮೇಲುಗಡೆ ಹೊಳೆ ಹಾಯುವ ಜಾಗವೇನೋ ಇತ್ತು, ಆದರೆ ಅಲ್ಲಿಗೆ ಕಾಡಿನಲ್ಲಿ ದಿನಗಟ್ಟಲೆ ನಡೆಯಬೇಕು, ಬಸುರಿ ನಡೆಯುವ ದಾರಿಯಲ್ಲ. ದೋಣಿಯಲ್ಲಿ ಹೋಗಿ ಮಗಳನ್ನು ಕರೆತಂದು ಬಾಣಂತನ ಮಾಡಬೇಕು ಅಂತ ಚಿಕ್ಕತಾಯಮ್ಮ ಕಾಳುಕಡಿ, ಬೆಲ್ಲ, ಹಳೆ ಸೀರೆಯ ಬಟ್ಟೆಗಳನ್ನೆಲ್ಲ ಹೊಂದಿಸಿ ಇಟ್ಟು, ಅಳಿಯ ಕಾಡಿನಿಂದ ಬಂದು ಕಳಿಸಿಕೊಡಲಿ ಅಂತ ಕಾಯುತ್ತಿದ್ದಳು. ಬೆಳಗಾದರೆ, ಸಂಜೆಯಾದರೆ ತಾಯಿ ಈ ದಡಕ್ಕೆ, ಮಗಳು ಆ ದಡಕ್ಕೆ ಬಂದು ನಿಲ್ಲುವರು. ಸ್ವಲ್ಪ ಕೆಳಗೆ ಬಂಡೆಗಳ ಮೇಲೆ ನೀರು ಬೀಳುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಚಿಕ್ಕತಾಯಮ್ಮ ಎರಡು ಕೈಯನ್ನೂ ಮೇಲೆತ್ತಿ ತಲೆ ಹಿಂದಕ್ಕೆ ಹಾಕಿ ನಕ್ಕರೆ ಎಲ್ಲ ಸರಿಯಾಗಿದೆ ಅಂತ ಸಣ್ಣಮ್ಮಿಗೆ ಅರ್ಥವಾಗುತ್ತಿತ್ತು. ಅವಳೂ ಆ ಕಡೆಯಿಂದ ಕೈಯೆತ್ತುವಳು.

ಕಿರುಗಿವಿ ಬಿಸಿಲಲ್ಲಿ ನಡೆದು ಬಂದು ಚಪ್ಪರದ ಕೆಳಗೆ ನಿಂತ. ಮುಖವೆಲ್ಲ ಬೆವರು.

"ಮೊದಲು ಕುಡಿ" ಅಂತ ಚಿಕ್ಕತಾಯಮ್ಮ ಒಂದು ಚೆಂಬು ಮಜ್ಜಿಗೆ ಕೊಟ್ಟಳು. ಹುಡುಗ ಕುಡಿದ. ಇನ್ನೊಂದು ಚೆಂಬು ಕೊಟ್ಟಳು, ಅದನ್ನೂ ಕುಡಿದ. ದುಡ್ಡಿಗೆ ಕೈ ಹಾಕಿದರೆ ಬೇಡ ಅಂದಳು. ಆಮೇಲೆ ಅವನು ಅರಮನೆಯ ಪ್ರಶ್ನೆ ಕೇಳಿದ. ಆನೆ ಸ್ನಾನಕ್ಕಾಗಿ ದೋಣಿ ನಿಲ್ಲಿಸಿದರೆ ನಿನಗೆ ಹೇಗಮ್ಮ?

ಚಿಕ್ಕತಾಯಮ್ಮ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟಳು. ಆಮೇಲೆ ಎರಡು ಕೈಯೆತ್ತಿ ನಕ್ಕಳು.

"ನಿಲ್ಲಿಸ್ಲಿ ಬುಡಪ್ಪ, ಪಾಪ ಆನೆಗೋಳು ಕೊಳೇಲಿರಬೇಕಾ? ನನಗೇನು, ಮೊಸಳೆ ಮೇಲೆ ಕುಂತ್ಕಂಡು ಹೋಗಿ ನನ್ನ ಮಗಳನ್ನ ಕರ್ಕಂಡು ಬತ್ತೀನಿ. ಹೋಗಿ ಹೇಳು ನಿಮ್ಮ ದೊರೆಗೆ."

ಯಾಕೆ ನಕ್ಕಿದ್ದು ಅಂತ ಅವನು ಕೇಳಲಿಲ್ಲ. ಕೇಳುವಂತಿರಲಿಲ್ಲ. ಮಾತನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡು, ತಂಪಾದ ಹೊಟ್ಟೆಯಲ್ಲಿ ಹೊರಟ.

ಬಣ್ಣದ ಮನೆಯಲ್ಲಿ ಅವನು ಅದನ್ನು ನಗುವಿನ ಸಮೇತ ಒಪ್ಪಿಸಿದ. ಹಿರಿಗಿವಿ ಕಣ್ಣು ಮುಚ್ಚಿ ಕೇಳಿ, "ಕೆಂಪು" ಅಂದ.

"ಯಾಕೆ?"

"ಆ ನಗು ನನಗೆ ಸರಿಬರಲಿಲ್ಲ."

"ಸರಿಬರಲಿಲ್ಲ ಅಂದ್ರೆ? ಚೌಕದಲ್ಲಿ ಜನ ಕೇಳಿದ್ರೆ ಏನು ಗುರುತು ತೋರಿಸೋಣ?"

ಹಿರಿಗಿವಿ ಯೋಚಿಸಿದ. ತೋರಿಸುವಂಥ ಗುರುತು ಅವನ ಹತ್ತಿರ ಇರಲಿಲ್ಲ. ಕಿರುಗಿವಿಯ ಹತ್ತಿರ ಬೇಕಾದಷ್ಟಿತ್ತು. ಮಜ್ಜಿಗೆ ಕೊಟ್ಟಳು. ದುಡ್ಡು ಬೇಡವೆಂದಳು. ನಕ್ಕಳು. ನಿಲ್ಲಿಸಲಿ ಅಂತ ಬಾಯಿಬಿಟ್ಟು ಹೇಳಿದಳು. ಆನೆಗಳ ಬಗ್ಗೆ ಕನಿಕರ ತೋರಿಸಿದಳು. ಆಚೆ ಹೋಗಲು ಬೇರೆ ವ್ಯವಸ್ಥೆ ಇದೆಯೆಂದೂ ತಿಳಿಸಿದಳು. ಇಷ್ಟೂ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಗುರುತುಗಳು, ಯಾರಿಗೆ ಬೇಕಾದರೂ ತೋರಿಸಬಹುದು. ಮಜ್ಜಿಗೆ ಕುಡಿದ ಸಂತೋಷ ಅವಳದ್ದೋ ತನ್ನದೋ ಅನ್ನುವುದು ಮಾತ್ರ ಹುಡುಗನಿಗೆ ಹೊಳೆಯಲಿಲ್ಲ.

"ನಿಮ್ಮ ಭಾವಮೈದನಿಗೆ ಹಾಕಿದ ಕೆಂಪೂ ಹೀಗೇ ಅನ್ನಿಸಿ ಹಾಕಿದ್ದೇ ತಾನೆ?" ಅಂತ ಕಿರುಗಿವಿ ಮೆಲ್ಲಗೆ ಕೇಳಿದ.

ಮುದುಕನಿಗೆ ಆ ಮಾತು ನಾಟಿತು. ಅದು ನಿಜವೂ ಆಗಿತ್ತು. ತನ್ನ ಕಿವಿ ಎಷ್ಟು ಸಲ ಸರಿ, ಎಷ್ಟು ಸಲ ಬರೀ ಹಟ ಅಂತ ಅವನಿಗೇ ಗೊಂದಲವಾಯಿತು. "ಹಾಗಾದ್ರೆ ಹಳದೀನೇ ಇರಲಿ" ಅಂದ. ಇಬ್ಬರದ್ದೂ ತಾಳೆಯಾಯಿತು. ಇಷ್ಟೊಂದು ಗುರುತುಗಳು ಒಟ್ಟಿಗೆ ಸಿಕ್ಕ ಇನ್ನೊಂದು ಮಾತು ಆ ಸುತ್ತಿನಲ್ಲಿ ಬಂದಿರಲಿಲ್ಲವಾದ್ದರಿಂದ ಅದನ್ನೇ ಹಳದಿ ಬಾನಿಯ ಮಾದರಿಯಾಗಿ ಆರಿಸಿದರು. ಕೆಂಪು ಬಾನಿಗೆ ಗಾಣದ ಮಾದಶೆಟ್ಟಿಯ ಮಾತು ಸಿಕ್ಕಿತು. ದೋಣಿ ನಿಂತರೆ ಆಚೆಯಿಂದ ಎಳ್ಳು ಬರುವುದಿಲ್ಲವಲ್ಲ ಅಂತ ಅವನು ಎದೆ ಬಡಿದುಕೊಂಡು, "ನನ್ನ ಗಾಣ ಮುರಿದು ಹೊಳೆಗೆ ಹಾಕಿದ್ರೂ ಇಷ್ಟು ಹೊಟ್ಟೆ ಉರೀತಿರಲಿಲ್ಲ" ಅಂದಿದ್ದ. ನೀಲಿಗೂ ಯಾರದ್ದೋ ಒಂದು ಸಿಕ್ಕಿತು.

ಬಾನಿಗಳು ಚೌಕಕ್ಕೆ ಬಂದವು. ಡಂಗುರದವನು ಒಂದೊಂದರ ಪಕ್ಕ ನಿಂತು ಮಾದರಿ ಮಾತನ್ನು ಹೇಳುವನು, ಹಳದಿಯ ಹತ್ತಿರ ಕೈಯೆತ್ತಿ ನಗುವನು, ಕೆಂಪಿನ ಹತ್ತಿರ ಎದೆ ಬಡಿದುಕೊಳ್ಳುವನು. ಜನ ಕಿಕ್ಕಿರಿದು ನೋಡಿದರು. ಇಷ್ಟು ದಿನ ಗೋಡೆಯ ಹಿಂದೆ ಇದ್ದದ್ದು ಇದೇನಾ ಅಂತ ಅವರಿಗೆ ಖುಷಿಯಾಯಿತು. ಅನುಮಾನವೂ ಸ್ವಲ್ಪ ಇಳಿಯಿತು. ಒಬ್ಬ ನೇಕಾರ ತನ್ನ ಎಳೆಗೆ ನೀಲಿ ಬಿದ್ದದ್ದನ್ನು ನೋಡಿ, ತನ್ನ ಮಾತನ್ನು ಮಾದರಿಗೆ ಹೋಲಿಸಿ, ಕೆಂಪೇ ಸರಿ ಅಂತ ವಾದಿಸಿ ಗೆದ್ದ. ಹಿರಿಗಿವಿಯ ಭಾವಮೈದನಿಗೆ ಜೀವಮಾನದಲ್ಲಿ ಮೊದಲ ಸಲ ಹಳದಿ ಸಿಕ್ಕಿತು. ಇದೆಲ್ಲ ಒಳ್ಳೆಯದೇ ಅಲ್ಲವೇ. ನಾನೇನೂ ಹಳೆ ಬಾಗಿಲನ್ನು ಹೊಗಳುತ್ತಿಲ್ಲ.

ಸುದ್ದಿ ಹರಡಿ ಅಕ್ಕಪಕ್ಕದ ಪಟ್ಟಣಗಳ ಕಿವಿಗಳೂ ಬಂದರು. ಬಣ್ಣಗಳನ್ನೂ ಮಾದರಿ ಮಾತುಗಳನ್ನೂ ಧಾರಾಳವಾಗಿ ಕೊಟ್ಟು ಕಳಿಸಲಾಯಿತು. ಸ್ವಲ್ಪ ದಿನದಲ್ಲೇ ಆ ಊರುಗಳಲ್ಲೂ ಮಜ್ಜಿಗೆ ಕೊಟ್ಟು ನಕ್ಕವರೆಲ್ಲ ಒಪ್ಪಿದವರಾದರು. ಯಾವುದಕ್ಕೆ ಒಪ್ಪಿದರು ಅಂತ ಅವರಿಗೆ ತಿಳಿಯುವ ಹೊತ್ತಿಗೆ ಕೆಲಸ ಆಗಿಹೋಗಿರುತ್ತಿತ್ತು.

ಚಿಕ್ಕತಾಯಮ್ಮನಿಗೆ ವಿಷಯ ತಿಳಿದದ್ದು ಮಜ್ಜಿಗೆ ಕುಡಿಯಲು ಬಂದವನೊಬ್ಬನಿಂದ. "ನಿಮ್ಮ ಹಾಗೇ ಕೈಯೆತ್ತಿ ನಗ್ತಾನೆ ಕಣಮ್ಮ ಡಂಗುರದವನು" ಅಂದ ಅವನು. ಅವಳು ಮಡಕೆಗೆ ಮುಚ್ಚಳ ಹಾಕಿ ಚೌಕಕ್ಕೆ ಹೋದಳು. ಹಳದಿ ಬಾನಿಯ ಪಕ್ಕ ತನ್ನ ಮಾತನ್ನು ತಾನೇ ಕೇಳಿದಳು. ಸುತ್ತ ನಿಂತವರು ಅವಳನ್ನು ಗುರುತಿಸಿ ಸ್ವಲ್ಪ ದೂರ ಸರಿದರು.

"ನಾನು ಒಪ್ಪಿಲ್ಲ ಕಣಪ್ಪ" ಅಂತ ಅವಳು ಕಿರುಗಿವಿಗೆ ಹೇಳಿದಳು. "ಮಗಳಿಗೆ ದಿನ ತುಂಬ್ತಾ ಅದೆ. ದೋಣಿ ನಿಂತ್ರೆ ನಾನು ಯಾತರಲ್ಲಿ ಹೋಗಿ ಕರ್ಕಂಡು ಬರ್ಲಿ? ಹೊಟ್ಟೆ ಉರಿದು ಅಂದ ಮಾತು ಅದು. ಯಾರಾದ್ರೂ ಮೊಸಳೆ ಮೇಲೆ ಕುಂತ್ಕತಾರಾ?"

"ಹೋಲಿಸಿ ನೋಡೋಣಮ್ಮ" ಅಂದ ಕಿರುಗಿವಿ. ಅವನ ಮುಖ ಸಣ್ಣಗಾಗಿತ್ತು.

ಕಟ್ಟಳೆಯ ಪ್ರಕಾರ ಇಬ್ಬರು ಕಿವಿಗಳು ಅವಳು ಚಪ್ಪರದಲ್ಲಿ ಆಡಿದ ಮಾತನ್ನು ಮಾದರಿಯ ಪಕ್ಕ ಇಟ್ಟು ಹೋಲಿಸಿದರು. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಚೌಕ ಶುರುವಾದ ಮೇಲೆ ಇಷ್ಟು ಚೆನ್ನಾಗಿ ತಾಳೆಯಾದ ಮಾತನ್ನು ಅವರು ನೋಡಿರಲೇ ಇಲ್ಲ. ನೇಕಾರನ ಮಾತಿನಲ್ಲಾದರೂ ಅಷ್ಟಿಷ್ಟು ವ್ಯತ್ಯಾಸವಿತ್ತು, ಹಾಗಾಗಿ ವಾದಕ್ಕೆ ಜಾಗವಿತ್ತು. ಇವಳ ಮಾತು ಮಾದರಿಯೇ ಆಗಿತ್ತು.

"ಮಾದರೀನೇ ತಪ್ಪು ಅಂತ ಹೇಳ್ತಾ ಇದೀನಿ ನಾನು."

"ಮಾದರಿ ತಪ್ಪು ಅಂತ ಯಾವ ಮಾದರಿಗೆ ಹೋಲಿಸಿ ಹೇಳೋದಮ್ಮ?" ಅಂತ ಎರಡನೆಯ ಕಿವಿ ಕೇಳಿದ. ಅವನು ಕುಹಕಕ್ಕೆ ಕೇಳಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ.

ಕಿರುಗಿವಿಗೆ ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಾದರಿಯನ್ನು ಕೆಂಪಿಗೆ ಸರಿಸಿದರೆ ಅದಕ್ಕೆ ಹೋಲಿಸಿ ಅದ್ದಿದ ಅರ್ಧ ಊರಿನ ಎಳೆಗಳನ್ನು ಮತ್ತೆ ಅದ್ದಬೇಕು. ಅಕ್ಕಪಕ್ಕದ ಪಟ್ಟಣಗಳಿಗೆ ಹೇಳಿಕಳಿಸಬೇಕು. ಅಲ್ಲಿ ಆಗಲೇ ಕಟ್ಟಿದ್ದನ್ನೂ ಕೆಡವಿದ್ದನ್ನೂ ಏನು ಮಾಡುವುದು? ಬೆಳಿಗ್ಗೆ ಎದ್ದು ಹಿರಿಗಿವಿಯ ಹತ್ತಿರ ಹೋಗಿ, ಅವತ್ತು ನೀವು ಕೆಂಪು ಅಂದಿರಲ್ಲ, ಇನ್ನೊಮ್ಮೆ ಹೇಳಿ ಅಂತ ಕೇಳಿಕೊಂಡ. "ಈಗ ನನಗೇನೂ ಕೇಳಿಸಲ್ಲ ಮಗು. ಮಾತು ಬಂದ ಕೂಡಲೆ ಕಣ್ಣು ಮಾದರಿ ಕಡೆ ಹೋಗ್ತದೆ" ಅಂದ ಮುದುಕ.

ಇತ್ತ ಊರಿನವರು ಸುಮ್ಮನೆ ಕೂತಿರಲಿಲ್ಲ. ಅವರಿಗೂ ದೋಣಿ ಬೇಕಾಗಿತ್ತು. ಚಿಕ್ಕತಾಯಮ್ಮನಿಗೆ ಆದದ್ದನ್ನು ಕಣ್ಣಾರೆ ಕಂಡ ಮೇಲೆ ಕಿವಿಗಳ ಎದುರಿಗೆ ನಗುವುದನ್ನು ನಿಲ್ಲಿಸಿದರು. ಯಾರೂ ಮಜ್ಜಿಗೆ ಕೊಡುತ್ತಿರಲಿಲ್ಲ, ನೀರನ್ನೂ ಕೊಡುತ್ತಿರಲಿಲ್ಲ. ಅಷ್ಟು ಸಾಲದು ಅನ್ನಿಸಿ ಚೌಕಕ್ಕೆ ಹೋಗಿ ಕೆಂಪು ಬಾನಿಯ ಮಾದರಿಯನ್ನು ಕಲಿತುಕೊಂಡು ಬಂದರು. ತಂತಮ್ಮ ಮಾತಿಗೆ ತಪ್ಪು ಬಣ್ಣ ಬೀಳುವುದಕ್ಕಿಂತ ಸರಿಯಾದ ಬಣ್ಣದ ಮಾತನ್ನೇ ಆಡಿಬಿಡುವುದು ಕ್ಷೇಮ ಅಂತ ಅವರ ಲೆಕ್ಕ. ಹೊಸ ಕಟ್ಟಳೆಯಂತೆ, ಬಟ್ಟೆ ನೇಯುವ ಮೊದಲು ದೋಣಿಯ ವಿಷಯವನ್ನು ಕೊನೆಯದಾಗಿ ಇನ್ನೊಂದು ಸುತ್ತು ಕೇಳಲು ಕಿವಿಗಳು ಹೊರಟಾಗ ಎಲ್ಲ ಮನೆಯಲ್ಲೂ ಒಂದೇ ಉತ್ತರ. ಪಾಠ ಹೇಳುವ ಮೇಷ್ಟರು ಎದೆ ಬಡಿದುಕೊಂಡು, ನನ್ನ ಗಾಣ ಮುರಿದು ಹೊಳೆಗೆ ಹಾಕಿದರೂ ಅಂದರು. ಹೂ ಕಟ್ಟುವ ಮುದುಕಿ, ನನ್ನ ಗಾಣ ಅಂದಳು. ಮಠದ ಸನ್ಯಾಸಿಗಳೂ ನಮ್ಮ ಗಾಣ ಅಂದರು. ಚಿಕ್ಕತಾಯಮ್ಮನ ಚಪ್ಪರಕ್ಕೆ ಮಾತ್ರ ಯಾರೂ ಹೋಗಲಿಲ್ಲ. ಮಾದರಿ ಕೊಟ್ಟವಳನ್ನು ಮತ್ತೆ ಕೇಳುವ ಪದ್ಧತಿ ಇರಲಿಲ್ಲ.

ಬಟ್ಟೆ ನೇಯ್ದು ಬಂತು. ರಾಜ ನೋಡಿದ. ಉದ್ದಕ್ಕೂ ಕೆಂಪು, ನಡುವೆ ಒಂದೇ ಒಂದು ಹಳದಿ ಎಳೆ. ಊರಿನವರೆಲ್ಲ ಹೊರಗೆ ಕಾದು ನಿಂತಿದ್ದರು, ದೋಣಿ ಉಳಿಯಿತು ಅಂತ ಒಳಗೊಳಗೇ ಹಿಗ್ಗುತ್ತಿದ್ದರು. ಚಿಕ್ಕತಾಯಮ್ಮನೂ ಬಂದು ನಿಂತಿದ್ದಳು. ತನ್ನ ಎಳೆ ಹಾಳಾಗಿ ಹೋಗಲಿ, ಉಳಿದವರದ್ದಾದರೂ ಕೆಂಪಾಯಿತಲ್ಲ ಅಂತ ಅವಳಿಗೂ ನೆಮ್ಮದಿ.

ರಾಜ ದಡ್ಡನಲ್ಲ. ಇವರೆಲ್ಲ ಏನಂದರು ಅಂತ ಕೇಳಿದ. ಕಿವಿಗಳು ಹೇಳಿದರು.

"ಈ ಊರಲ್ಲಿ ಇಷ್ಟೊಂದು ಗಾಣ ಇದೆಯಾ?"

"ಒಂದೇ ಇರೋದು ಸ್ವಾಮಿ."

"ಹಾಗಾದ್ರೆ ಇವರ್ಯಾರೂ ತಮ್ಮ ಮಾತು ಆಡಿಲ್ಲ. ಯಾರೋ ಹೇಳಿಕೊಟ್ಟದ್ದನ್ನ ಒಪ್ಪಿಸಿದಾರೆ" ಅಂದ ರಾಜ. ಬಟ್ಟೆಯ ಮೇಲೆ ಬಾಗಿ ಹಳದಿ ಎಳೆಯನ್ನು ಬೆರಳಲ್ಲಿ ಮುಟ್ಟಿದ. "ಇದು?"

"ಇದು ಮಜ್ಜಿಗೆ ಮಾರೋ ಚಿಕ್ಕತಾಯಮ್ಮಂದು."

"ಇದನ್ನಾದರೂ ಅವಳೇ ಹೇಳಿದಾಳಾ?"

"ಹೌದು ಸ್ವಾಮಿ. ಮಾತೂ ಅವಳದೇ, ನಗೂನೂ ಅವಳದೇ" ಅಂದ ಕಿರುಗಿವಿ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಮುಂದೆ ಇನ್ನೇನೋ ಹೇಳಲು ಬಾಯಿ ತೆರೆದ, ಆದರೆ ರಾಜ ಆಗಲೇ ಎದ್ದು ನಿಂತಿದ್ದ.

"ಇಡೀ ಊರಲ್ಲಿ ಸ್ವಂತ ಮಾತಾಡಿದವಳು ಒಬ್ಬಳೇ. ಅವಳ ಮಾತಿನಂತೇ ಆಗಲಿ. ದೋಣಿ ನಿಲ್ಲಿಸಿ."

ದೋಣಿ ನಿಂತಿತು. ಜನ ಚಿಕ್ಕತಾಯಮ್ಮನ ಕಡೆ ತಿರುಗಿ ನೋಡಿದರು. ಒಬ್ಬೊಬ್ಬರಾಗಿ ಹೊರಟು ಹೋದರು. ಅವಳು ಅರಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನನಗೆ ಈ ಜಾಗಕ್ಕೆ ಬಂದಾಗೆಲ್ಲ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ತಿಳಿಯುವುದಿಲ್ಲ. ಬಾಗಿಲು ತೆಗೆದವನ ಮೇಲೋ, ಮಾತು ಕಲಿತವರ ಮೇಲೋ, ಕಲಿತ ಮಾತನ್ನು ಕಂಡುಹಿಡಿದವನ ಮೇಲೋ. ಎಲ್ಲರೂ ಸರಿಯಾದದ್ದನ್ನೇ ಮಾಡಿದ್ದರು.

ಮೂರನೆಯ ದಿನ ಚಿಕ್ಕತಾಯಮ್ಮ ಕಿರುಗಿವಿಯನ್ನು ಹುಡುಕಿಕೊಂಡು ಬಂದಳು. "ನನಗೆ ನ್ಯಾಯ ಬೇಡ. ಒಂದೇ ಒಂದು ಸಲ ದೋಣಿ ಬುಡ್ಸು. ಮಗಳನ್ನ ಕರ್ಕಂಡು ಬಂದುಬುಡ್ತೀನಿ. ಆಮೇಲೆ ನಿಮ್ಮ ಆನೆಗೋಳು ಅಲ್ಲೇ ಬಿದ್ಕಂಡಿರ್ಲಿ."

ಕಿರುಗಿವಿ ಆ ಮಾತನ್ನು ಎತ್ತಿಕೊಂಡು ಚೌಕಕ್ಕೆ ಓಡಿದ. ಹಳದಿಗೆ ಹೋಲಿಸಿದ, ಅದು ಒಪ್ಪಿಗೆಯಲ್ಲ. ನೀಲಿಗೆ ಹೋಲಿಸಿದ, ಕೆಂಪಿಗೆ ಹೋಲಿಸಿದ. ಯಾವುದಕ್ಕೂ ಸೇರಲಿಲ್ಲ. ಅವಳು ಏನೋ ಒಂದನ್ನು ಕೇಳುತ್ತಿದ್ದಳು, ಅಷ್ಟೆ. ಜನ ಏನನ್ನಾದರೂ ಕೇಳಬಹುದು ಅನ್ನುವುದು ಬಾನಿ ಇಟ್ಟವರಿಗೆ ಹೊಳೆದಿರಲಿಲ್ಲ. ಬಣ್ಣವಿಲ್ಲದ ಎಳೆಯನ್ನು ನೇಯುವಂತಿಲ್ಲ, ನೇಯದೆ ರಾಜನಿಗೆ ತೋರಿಸುವಂತಿಲ್ಲ. ಆದರೂ ಅವನು ಧೈರ್ಯ ಮಾಡಿ ಬಿಳಿ ಎಳೆಯನ್ನೇ ಕೈಯಲ್ಲಿ ಹಿಡಿದು ರಾಜನ ಮುಂದೆ ಹೋಗಿ ನಿಂತ.

"ಸ್ವಾಮಿ, ಆ ಚಿಕ್ಕತಾಯಮ್ಮ ಹೊಳೆ ದಾಟಬೇಕಂತೆ."

ರಾಜನಿಗೆ ಅವಳ ಹೆಸರು ಕೇಳಿ ಪ್ರೀತಿ ಉಕ್ಕಿತು. "ದಾಟಲಿ. ನನಗೆ ಅವಳ ಮಾತು ಚೆನ್ನಾಗಿ ನೆನಪಿದೆ. ದಿನಾ ಕೇಳ್ತೀನಲ್ಲ ಡಂಗುರದವನ ಬಾಯಲ್ಲಿ. ಮೊಸಳೆ ಮೇಲೆ ಹೋಗಿ ಮಗಳನ್ನ ಕರ್ಕೊಂಡು ಬರ್ತೀನಿ ಅಂದಿದಾಳೆ. ಮೊಸಳೆ ಇಲ್ಲವಾ ಅವಳ ಹತ್ತಿರ?"

"ಅದು ಅವಳು ತಮಾಷೆಗೆ..."

"ತಮಾಷೆ ಆದ್ರೆ ಅದು ಹಳದಿ ಹೇಗಾಗ್ತದೆ?" ಅಂದ ರಾಜ. "ಮನಸಾರೆ ಒಪ್ಪಿ ಆಡಿದ ಮಾತು ಅಂತ ನೀವೇ ಅಲ್ಲವಾ ಮಾದರಿ ಮಾಡಿದ್ದು? ಸುತ್ತಲ ಊರಿನವರು ನಂಬಿ ತಗೊಂಡು ಹೋಗಿದಾರೆ. ಒಂದು ಮೊಸಳೆ ಹಿಡಿಸಿ ಕೊಡಿ. ಅರಮನೆಯ ಮರ್ಯಾದೆಯಿಂದ ಕೊಡಿ."

ಮಾರನೆಯ ಬೆಳಿಗ್ಗೆ ಕಟ್ಟೆಯ ಹತ್ತಿರ ಊರೆಲ್ಲ ಸೇರಿತ್ತು. ಬೆಸ್ತರು ಹಗ್ಗ ಹಾಕಿ ಒಂದು ಮೊಸಳೆಯನ್ನು ನೀರಿನಂಚಿಗೆ ಎಳೆದು ತಂದಿದ್ದರು. ಅದರ ಬಾಯಿಗೆ ಹಳದಿ ಬಟ್ಟೆ ಕಟ್ಟಿತ್ತು, ಬೆನ್ನಿನ ಮೇಲೆ ಒಂದು ಜಮಖಾನ ಹಾಸಿತ್ತು. ಪಕ್ಕದಲ್ಲೇ ಆನೆಗಳಿಗೆ ಮೈ ತಿಕ್ಕುತ್ತಿದ್ದರು. ಆಚೆ ದಡದಲ್ಲಿ ಸಣ್ಣಮ್ಮಿ ನಿಂತಿದ್ದಳು. ಒಂದು ಕೈ ಸೊಂಟದ ಮೇಲಿತ್ತು, ಕಾಲ ಹತ್ತಿರ ಬಟ್ಟೆಯ ಗಂಟು. ದೋಣಿ ಯಾಕೆ ಬರುತ್ತಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಹೋಗುವುದಕ್ಕೂ ದೋಣಿಯೇ ಬೇಕಾಗಿತ್ತು.

ಚಿಕ್ಕತಾಯಮ್ಮ ಜನರನ್ನು ಸರಿಸಿಕೊಂಡು ಬಂದಳು. ಮೊಸಳೆಯನ್ನು ನೋಡಿದಳು. ಜಮಖಾನವನ್ನು ನೋಡಿದಳು. ಕಿರುಗಿವಿಯನ್ನು ನೋಡಿದಳು. ಅವಳ ಎರಡು ಕೈಯೂ ಮೇಲೆ ಹೋದವು, ತಲೆ ಹಿಂದಕ್ಕೆ ಬಿತ್ತು, ಅವಳು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು, ಬಂದ ಮೇಲೂ ನಕ್ಕಳು.

"ಹಳದಿ" ಅಂದ ಎರಡನೆಯ ಕಿವಿ. "ನಿಂದು?"

ಕಿರುಗಿವಿ ಕೈಯಲ್ಲಿದ್ದ ಎಳೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ನನಗೆ ಗೊತ್ತಾಗ್ತಾ ಇಲ್ಲ" ಅಂದ.

"ಗೊತ್ತಾಗೋಕೇನಿದೆ, ಹಳದಿ" ಅಂತ ಹಿಂದಿನಿಂದ ನೇಕಾರ ಹೇಳಿದ. "ಹಳದೀನೇ" ಅಂದಳು ಹೂ ಕಟ್ಟುವ ಮುದುಕಿ. ಮೇಷ್ಟರು ತಲೆಯಾಡಿಸಿದರು. ಅಲ್ಲಿ ನಿಂತ ಒಬ್ಬೊಬ್ಬರಿಗೂ ಈಗ ಆ ಗುರುತು ಬಾಯಿಗೆ ಬರುತ್ತಿತ್ತು. ಯಾರೂ ಅವಳಿಗೆ ನೋವು ಮಾಡಲೆಂದು ಹೇಳಲಿಲ್ಲ, ಗೊತ್ತಿದ್ದದ್ದನ್ನು ಹೇಳಿದರು.

ಕಿರುಗಿವಿ ಕಟ್ಟಳೆ ಮುರಿದ. ಅವಳ ಹತ್ತಿರ ಹೋಗಿ, "ಯಾಕಮ್ಮ ನಗ್ತಾ ಇದೀಯ?" ಅಂತ ಕೇಳಿದ. ಹೊಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಅವಳಿಗೆ ನಗುವನ್ನು ನಿಲ್ಲಿಸಲೂ ಆಗುತ್ತಿರಲಿಲ್ಲ, ಎತ್ತಿದ ಕೈ ಇಳಿಸಲೂ ಆಗುತ್ತಿರಲಿಲ್ಲ.

ಆಚೆ ದಡದಲ್ಲಿ ಸಣ್ಣಮ್ಮಿ ಅದನ್ನು ಕಂಡಳು. ಅಮ್ಮ ಎರಡು ಕೈಯೆತ್ತಿ ನಗುತ್ತಿದ್ದಾಳೆ. ಎಲ್ಲ ಸರಿಯಾಯಿತು, ದೋಣಿ ಹೊರಟಿತು ಅಂದುಕೊಂಡು ಅವಳೂ ಒಂದು ಕೈಯೆತ್ತಿದಳು. ಆಮೇಲೆ ಮೆಲ್ಲಗೆ ಬಾಗಿ ಗಂಟನ್ನು ಎತ್ತಿಕೊಂಡು ನೀರಿನ ಕಡೆಗೆ ಇಳಿಯತೊಡಗಿದಳು.